ರಾತ್ರಿ 8ಕ್ಕೆ ಮನೆ ಸೇರುವವರು ಮಕ್ಕಳ ಜೊತೆ ಏನು ಮಾಡಬಹುದು?

ಪ್ರಶ್ನೆ: ನಾವಿರುವುದು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ. ನನಗೆ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನಲ್ಲಿ (ಬಿಕೆಸಿ) ಕೆಲಸ, ನಮ್ಮವರಿಗೆ ಅಂಧೇರಿಯಲ್ಲಿ. ಬೆಳಿಗ್ಗೆ 7.40ಕ್ಕೆ ಮನೆ ಬಿಟ್ಟರೆ ನಾನು ಬರುವುದು ರಾತ್ರಿ 8ಕ್ಕೆ, ಅವರು ಬರುವಾಗ 9 ಗಂಟೆ. ಮಗನಿಗೆ 9 ವರ್ಷ, 4ನೇ ಕ್ಲಾಸು. ಮಗಳಿಗೆ 4. ಹಗಲು ನೋಡಿಕೊಳ್ಳುವವರು ಕುಂದಾಪುರದಿಂದ ಬಂದಿರುವ ನಮ್ಮ ಅತ್ತೆ. ಅವರಿಗೆ ಮೊಣಕಾಲು ನೋವು. ಮೊಬೈಲ್ ಹಿಡಿಯದೆ ಮಗಳಿಗೆ ತುತ್ತು ಇಳಿಯುವುದಿಲ್ಲ. ಮಗನನ್ನು "ಶಾಲೆಯಲ್ಲಿ ಏನಾಯ್ತು?" ಎಂದು ಕೇಳಿದರೆ "ಕುಛ್ ನಹೀ" ಅನ್ನುತ್ತಾನೆ. ಅಪ್ಪ ಬರಲಿ ಎಂದು ಇಬ್ಬರೂ ಕಾದು, ಮಲಗುವಾಗ 11 ಆಗುತ್ತದೆ. ಭಾನುವಾರ ಮಾಲ್‌ಗೆ ಕರೆದುಕೊಂಡು ಹೋಗುತ್ತೇವೆ, ವಾಪಸ್ ಬರುವಾಗ ಅಳು, ಜಗಳ. ನಾನು ಕೆಲಸ ಬಿಡಬೇಕೇ?

ಉತ್ತರ: ಕೆಲಸ ಬಿಡುವ ಮಾತನ್ನು ಸದ್ಯ ಬದಿಗಿಡಿ. ತಾಯಿ ಎಷ್ಟು ಗಂಟೆ ಮಕ್ಕಳ ಜೊತೆಗಿರುತ್ತಾಳೆ ಎನ್ನುವುದಕ್ಕೂ ಮಕ್ಕಳು ಹೇಗೆ ಬೆಳೆಯುತ್ತಾರೆ ಎನ್ನುವುದಕ್ಕೂ ಜನ ಅಂದುಕೊಂಡಷ್ಟು ನೇರ ಸಂಬಂಧವಿಲ್ಲ. ಅಮೆರಿಕದ ಕುಟುಂಬಗಳ ಬಗ್ಗೆ ಸಮಾಜಶಾಸ್ತ್ರಜ್ಞೆ ಮೆಲಿಸ್ಸಾ ಮಿಲ್ಕಿ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 3ರಿಂದ 11 ವರ್ಷದ ಮಕ್ಕಳ ಓದು, ನಡವಳಿಕೆ, ಮನಸ್ಥಿತಿಗೂ ತಾಯಿ ಕಳೆದ ಗಂಟೆಗಳ ಲೆಕ್ಕಕ್ಕೂ ನಂಟು ಕಾಣಲಿಲ್ಲ. ಇಷ್ಟನ್ನೇ ಓದಿ ನಿಟ್ಟುಸಿರು ಬಿಡುವವರು ಬಹಳ. ಅದೇ ಅಧ್ಯಯನ ಹದಿಹರೆಯದ ಮಕ್ಕಳ ವಿಷಯಕ್ಕೆ ಬಂದಾಗ ಬೇರೆ ಮಾತು ಹೇಳುತ್ತದೆ: ತಾಯಿ ಮಗು ಸೇರಿ ಏನಾದರೂ ಮಾಡುತ್ತಾ ಕಳೆದ ಹೊತ್ತು, ಅಪ್ಪ ಅಮ್ಮ ಇಬ್ಬರೂ ಜೊತೆಗಿದ್ದು ಕಳೆದ ಹೊತ್ತು, ಅಲ್ಲಿ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಮಗ ಆ ವಯಸ್ಸಿಗೆ ಕಾಲಿಡಲು ಮೂರು ವರ್ಷ ಸಾಕು. ಹನ್ನೆರಡಕ್ಕೆ ನಿಮ್ಮ ಜೊತೆ ಕೂತು ಮಾತಾಡುವ ರೂಢಿ ಒಂಬತ್ತರಲ್ಲೇ ಬೀಳಬೇಕು.

ಮೊದಲು ನಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ 3–4 ವರ್ಷದ ಮಗುವಿಗೆ ಮಧ್ಯಾಹ್ನದ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ಬೇಕು. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ಎಂದು ನಿದ್ರಾತಜ್ಞರು ಹೇಳುತ್ತಾರೆ. 11ಕ್ಕೆ ಮಲಗಿ 7ಕ್ಕೆ ಎದ್ದರೆ ಮಗನಿಗೆ ಸಿಗುವುದು 8 ಗಂಟೆ. ಮಗಳು ಮಧ್ಯಾಹ್ನ ಒಂದು ಗಂಟೆ ಮಲಗಿದರೂ 9. ಇಬ್ಬರಿಗೂ ದಿನಾ ಒಂದು ಗಂಟೆ ಕೊರೆ. ಸಂಜೆಯ ಹಟ, ಮಾಲ್‌ನಿಂದ ಬರುವಾಗಿನ ಅಳು, ಇವುಗಳಲ್ಲಿ ಒಂದು ಪಾಲು ಈ ಕೊರೆಯದ್ದು. ಚಿಕ್ಕಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲ ಎಂಬ ಕಾರಣಕ್ಕೇ ಮಹಾರಾಷ್ಟ್ರ ಸರ್ಕಾರ 2024ರಲ್ಲಿ, 4ನೇ ತರಗತಿವರೆಗಿನ ಶಾಲೆಗಳು ಬೆಳಿಗ್ಗೆ 9ರ ಮೊದಲು ಶುರುವಾಗಬಾರದು ಎಂದು ಆದೇಶಿಸಿತು. ಶಾಲೆ ತಡವಾಗಿ ಶುರುವಾಗಿ, ಮನೆಯಲ್ಲಿ ಮಲಗುವುದೂ ತಡವಾದರೆ ಆದೇಶದಿಂದ ಏನೂ ಗಿಟ್ಟಲಿಲ್ಲ. ಮುಂದಿನ ವರ್ಷ ಮಗ 5ನೇ ಕ್ಲಾಸಿಗೆ ಹೋಗುತ್ತಾನೆ, ಬೆಳಗಿನ ಪಾಳಿ ಬಂದರೂ ಬರಬಹುದು. ಆಗ ಮಲಗುವ ಹೊತ್ತು ಇನ್ನೂ ಹಿಂದಕ್ಕೆ ಸರಿಯಬೇಕು. ಈಗಿನ ಮಟ್ಟಿಗೆ ಮಗಳು 9.15ಕ್ಕೆ, ಮಗ 9.45ಕ್ಕೆ ಹಾಸಿಗೆಯಲ್ಲಿರಲಿ. ಅಪ್ಪನಿಗಾಗಿ ಕಾಯಿಸುವುದು ಪ್ರೀತಿಯಿಂದಲೇ ಆದರೂ ಮಕ್ಕಳಿಗೆ ಲಾಭವಿಲ್ಲದ ವ್ಯಾಪಾರ.

ಹಾಗಾದರೆ ಮಗಳಿಗೆ ಅಪ್ಪ ಸಿಗುವುದು ಯಾವಾಗ? ಬೆಳಿಗ್ಗೆ. ಮಗಳನ್ನು 6.50ಕ್ಕೆ ಎಬ್ಬಿಸಿದರೆ ಅವರು ಹೊರಡುವ ಮೊದಲು 15 ನಿಮಿಷ ಸಿಗುತ್ತದೆ. ಹೆಗಲ ಮೇಲೆ ಕೂರಿಸಿಕೊಳ್ಳುವುದು, ಹಾಸಿಗೆಯ ಮೇಲೆ ಕುಸ್ತಿ, ಎತ್ತಿ ಹಾರಿಸುವುದೆಲ್ಲ ಈ ಹೊತ್ತಿಗಿರಲಿ. ಒಂಬತ್ತು ಗಂಟೆಗೆ ಬಂದ ಅಪ್ಪಂದಿರು ಉಮೇದಿನಲ್ಲಿ ಇದನ್ನೇ ರಾತ್ರಿ ಮಾಡುತ್ತಾರೆ. ಮಗು ಕೇಕೆ ಹಾಕಿ ನಗುತ್ತದೆ, ಆಮೇಲೆ ಒಂದು ಗಂಟೆ ಕಣ್ಣು ಮುಚ್ಚುವುದಿಲ್ಲ, ಕೊನೆಗೆ ಬೈಸಿಕೊಂಡು ಮಲಗುತ್ತದೆ. ರಾತ್ರಿ ಅಪ್ಪನ ಪಾಲಿಗೆ ಮಗ: 9.10ರಿಂದ 9.45, ದೀಪ ಸಣ್ಣದು ಮಾಡಿ, ಮೆಲುದನಿಯಲ್ಲಿ.

ಇನ್ನು ನಿಮ್ಮ ಹೊತ್ತು, 8ರಿಂದ 9.15. ಇದರಲ್ಲಿ ಅಡುಗೆ ಇದೆ, ಊಟ ಇದೆ, ನಾಳೆಯ ಡಬ್ಬದ ಚಿಂತೆ ಇದೆ. ಇಡೀ 75 ನಿಮಿಷ ಮಕ್ಕಳಿಗೆ ಕೊಡಲು ಆಗುವುದಿಲ್ಲ, ಬೇಡವೂ ಬೇಡ. ಪೂರ್ತಿ ಅವರದೇ ಆದ 10 ನಿಮಿಷ ಸಾಕು, ಆದರೆ ಅದು ದಿನಾ ಆಗಬೇಕು, ಅದೇ ಹೊತ್ತಿಗೆ ಆಗಬೇಕು. ಗಡಿಯಾರಕ್ಕೆ ಕಟ್ಟಬೇಡಿ, ಸೆಂಟ್ರಲ್ ಲೈನಿನ ಲೋಕಲ್ ರೈಲುಗಾಡಿಯನ್ನು ನಂಬಿ ಸಮಯ ಹೇಳುವುದು ಕಷ್ಟ. ಒಂದು ಕೆಲಸಕ್ಕೆ ಕಟ್ಟಿ. ನೀವು ಬಂದು, ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಚಹಾ ಕುಡಿದ ಕೂಡಲೇ. ಕುಕ್ಕರ್ ಇಡುವುದು ಅದಾದ ಮೇಲೆ. ಬಂದವರೇ ನೇರ ಅಡುಗೆಮನೆಗೆ ಹೊಕ್ಕರೆ ಆ ಹತ್ತು ನಿಮಿಷ ಆವತ್ತು ಮತ್ತೆ ಸಿಗುವುದಿಲ್ಲ.

ಈ ಹತ್ತು ನಿಮಿಷದಲ್ಲಿ ಏನು ಮಾಡಬೇಕು ಎನ್ನುವಲ್ಲೇ ಹೆಚ್ಚಿನವರು ಎಡವುವುದು. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. 2ರಿಂದ 7 ವರ್ಷದ ಮಕ್ಕಳ ಹಟ, ಸಿಟ್ಟಿಗೆ ಶೀಲಾ ಐಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1970ರ ದಶಕದಲ್ಲಿ ಒಂದು ಚಿಕಿತ್ಸಾ ಕ್ರಮ ರೂಪಿಸಿದರು. ಅದರಲ್ಲಿ ಅಪ್ಪ ಅಮ್ಮಂದಿರಿಗೆ ಕೊಡುವ ಮನೆಕೆಲಸ ದಿನಕ್ಕೆ ಬರೀ 5 ನಿಮಿಷದ ಆಟ. ಆಟದ ಯಜಮಾನಿಕೆ ಮಗುವಿನದು. ದೊಡ್ಡವರು ಆ ಹೊತ್ತಿನಲ್ಲಿ ಮೂರು ಬಿಡಬೇಕು: ಅಪ್ಪಣೆ, ಪ್ರಶ್ನೆ, ತಪ್ಪು ಹುಡುಕುವುದು. ಕೇಳಲು ಸುಲಭ. ಮಾಡಿ ನೋಡಿ, ಅರ್ಧ ನಿಮಿಷಕ್ಕೆ ನಾಲಿಗೆ ಜಾರುತ್ತದೆ.

ಮಗಳು ನೆಲದ ಮೇಲೆ ಸ್ಟೀಲ್ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾಳೆ ಎನ್ನಿ. ನಾವು ಸಾಧಾರಣವಾಗಿ ಹೇಳುವುದು ಹೀಗೆ: "ಎಷ್ಟು ಬಟ್ಟಲಿದೆ ಪುಟ್ಟಿ? ಇಂಗ್ಲಿಷಲ್ಲಿ ಎಣಿಸು. ಅಯ್ಯೋ ಹಾಗಲ್ಲ, ದೊಡ್ಡದು ಕೆಳಗೆ." ಒಂದು ಪರೀಕ್ಷೆ, ಒಂದು ಅಪ್ಪಣೆ, ಒಂದು ತಿದ್ದುಪಡಿ. ಆಟ ಅವಳ ಕೈಯಿಂದ ನಿಮ್ಮ ಕೈಗೆ ಬಂತು. ಇದರ ಬದಲು ಅವಳ ಎದುರು ನೆಲದಲ್ಲೇ ಕೂತು, ಅವಳು ಮಾಡುವುದನ್ನು ಕ್ರಿಕೆಟ್ ಕಾಮೆಂಟರಿ ಹೇಳಿದಂತೆ ಹೇಳಿ: "ಸಣ್ಣದನ್ನ ಕೆಳಗಿಟ್ಟೆ. ಅದರ ಮೇಲೆ ದೊಡ್ಡದು." ಅವಳು "ಬೀಳ್ತದೆ" ಅಂದರೆ ನೀವೂ "ಹ್ಞಾಂ, ಅಲುಗಾಡ್ತಾ ಉಂಟು, ಬೀಳ್ತದೆ" ಅನ್ನಿ. ಬಿದ್ದರೆ ಬೀಳಲಿ, ಏಕೆ ಬಿತ್ತು ಎಂದು ವಿವರಿಸಬೇಡಿ. ನಾಲ್ಕನೇ ಸಲ ಅವಳೇ ದೊಡ್ಡದನ್ನು ಕೆಳಗಿಡುತ್ತಾಳೆ. ಆಗ ಬರೀ "ಗುಡ್ ಗರ್ಲ್" ಸಾಲದು, "ಬಿದ್ದರೂ ಬಿಡದೆ ಮತ್ತೆ ಕಟ್ಟಿದೆ" ಎಂದು ಯಾವುದಕ್ಕೆ ಮೆಚ್ಚಿದಿರಿ ಎಂದು ಬಿಡಿಸಿ ಹೇಳಿ. ನೀವೂ ನಾಲ್ಕು ಬಟ್ಟಲು ತಗೊಂಡು ಅವಳ ಹಾಗೆಯೇ ಪೇರಿಸಿ.

ಆಟದ ಸಾಮಾನು ಸರಳವಾಗಿರಲಿ: ಬ್ಲಾಕ್ಸ್, ಚಪಾತಿ ಹಿಟ್ಟಿನ ಉಂಡೆ, ಕ್ರೇಯಾನ್, ಅಡುಗೆ ಸಾಮಾನು. ಸೋಲು ಗೆಲುವಿನ ಆಟ ಈ ಹತ್ತು ನಿಮಿಷಕ್ಕೆ ಬೇಡ, ಅಲ್ಲಿ ನಿಯಮ ಬರುತ್ತದೆ, ನಿಯಮದ ಹಿಂದೆ ಜಗಳ ಬರುತ್ತದೆ. ಮುಗಿಯಲು ಒಂದು ನಿಮಿಷ ಇರುವಾಗ "ಇನ್ನೊಂದು ಸಲ ಕಟ್ಟಿ ಮುಗಿಸುವಾ" ಎಂದು ಮುಂಚೆಯೇ ತಿಳಿಸಿ. ಮೊದಮೊದಲು ಮುಗಿಸುವಾಗ ಅಳುತ್ತಾಳೆ. ನಾಳೆಯೂ ಇದೆ ಎಂಬ ನಂಬಿಕೆ ಬಂದ ಮೇಲೆ ಅಳು ಇಳಿಯುತ್ತದೆ. ಆ ನಂಬಿಕೆ ಬರಬೇಕಾದರೆ ಎರಡು ದಿನ ಆಡಿ ಮೂರು ದಿನ ಬಿಡಬಾರದು. ಬಹಳ ಮುಖ್ಯವಾದ ಇನ್ನೊಂದು ಮಾತು: "ಹಟ ಮಾಡಿದೆಯಲ್ಲ, ಇವತ್ತು ಆಟ ಇಲ್ಲ" ಎಂದು ಈ ಹತ್ತು ನಿಮಿಷವನ್ನು ಶಿಕ್ಷೆಗೆ ಬಳಸಬೇಡಿ. ಹಟ ಮಾಡಿದ ದಿನವೇ ಅದು ಹೆಚ್ಚು ಬೇಕಾಗಿರುವುದು. ಆಟದ ಮಧ್ಯೆ ಹೊಡೆದರೆ, ಸಾಮಾನು ಎಸೆದರೆ ಮಾತ್ರ ಅಲ್ಲಿಗೆ ನಿಲ್ಲಿಸಿ.

ಫೋನು? ಫ್ರಿಜ್ಜಿನ ಮೇಲಿಡಿ, ಸೈಲೆಂಟ್ ಮಾಡಿ. ಕೈಯಲ್ಲಿ ಹಿಡಿದು "ನೋಡುವುದಿಲ್ಲ" ಅಂದುಕೊಳ್ಳುವುದು ನಡೆಯುವುದಿಲ್ಲ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ನಡೆಸಿದ ಪ್ರಯೋಗದಲ್ಲಿ ತಾಯಿ ಮೊದಲು ಕೂಸಿನ ಜೊತೆ ನಗುತ್ತಾ ಆಡುತ್ತಾಳೆ, ಆಮೇಲೆ ಕೆಲವೇ ನಿಮಿಷ ಮುಖದಲ್ಲಿ ಯಾವ ಭಾವವೂ ತೋರದೆ ಸುಮ್ಮನೆ ನೋಡುತ್ತಾಳೆ. ಕೂಸು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ, ಏನೂ ನಡೆಯದಿದ್ದಾಗ ಮುಖ ತಿರುಗಿಸಿ ಅಳತೊಡಗುತ್ತದೆ. ಸ್ಕ್ರೀನ್ ನೋಡುವಾಗ ನಮ್ಮ ಮುಖವೂ ಬಹುಮಟ್ಟಿಗೆ ಹಾಗೇ ಇರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ.

ಮಗನ ಹತ್ತು ನಿಮಿಷ ಬೇರೆ ಇರಲಿ. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ನಿಮ್ಮ ಹೊತ್ತೆಲ್ಲ ನ್ಯಾಯ ತೀರಿಸುವುದರಲ್ಲೇ ಹೋಗುತ್ತದೆ. ನೀವು ಮಗಳ ಜೊತೆಗಿರುವಾಗ ಮಗ ಅಜ್ಜಿಯ ಹತ್ತಿರ. ಒಂಬತ್ತರ ಮೇಲೆ ಮಗ ಅಪ್ಪನ ಹತ್ತಿರ. ಶನಿವಾರ ಅದಲು ಬದಲು. ಒಂಬತ್ತು ವರ್ಷದವನಿಗೆ ಆಟ ಎಂದರೆ ಏನೂ ಆಗಬಹುದು, ಕಾರ್ಡು, ಚಿತ್ರ, ಪೇಪರಿನ ವಿಮಾನ. ಅವನು ಕಲಿಸಬೇಕು, ಅಪ್ಪ ಕಲಿಯಬೇಕು. ಹೋಂವರ್ಕ್ ಮಾಡಿಸಿದ್ದನ್ನು ಇದಕ್ಕೆ ಜಮಾ ಮಾಡಬೇಡಿ.

"ಕುಛ್ ನಹೀ" ಎನ್ನುವ ಉತ್ತರದಲ್ಲಿ ಅವನ ತಪ್ಪಿಲ್ಲ. "ಏನಾಯ್ತು" ಎನ್ನುವುದು ಎಂಟು ತಾಸನ್ನು ಒಂದೇ ವಾಕ್ಯದಲ್ಲಿ ಕೇಳುವ ಪ್ರಶ್ನೆ, ಅದೂ ದಣಿದ ಹೊತ್ತಿನಲ್ಲಿ, ಎದುರಾಬದುರು ನಿಲ್ಲಿಸಿಕೊಂಡು. ಸಣ್ಣದು ಕೇಳಿ, ಉತ್ತರ ನಿಮಗೆ ಮೊದಲೇ ಗೊತ್ತಿಲ್ಲದ್ದು ಕೇಳಿ: "ಇವತ್ತು ಬಸ್ಸಲ್ಲಿ ಪಕ್ಕ ಕೂತಿದ್ದು ಯಾರು?" "ಡಬ್ಬದಲ್ಲಿ ಯಾರದ್ದು ರುಚಿ ಇತ್ತು?" ಅದಕ್ಕಿಂತ ಒಳ್ಳೆಯದು, ಮೊದಲು ನಿಮ್ಮ ದಿನದ್ದು ಹೇಳಿ. "ಕುರ್ಲಾದಲ್ಲಿ ಇವತ್ತು ಇಳಿಯಲಿಕ್ಕೇ ಆಗಲಿಲ್ಲ ಮಾರಾಯ, ದಾದರ್‌ವರೆಗೆ ಹೋಗಿ ವಾಪಸ್ ಬಂದೆ" ಎಂದರೆ ಅವನಿಗೂ ಹೇಳಲು ಏನಾದರೂ ನೆನಪಾಗುತ್ತದೆ. ಈ ವಯಸ್ಸಿನ ಹುಡುಗರು ಮಾತಾಡುವುದು ಪಕ್ಕದಲ್ಲಿ ನಡೆಯುವಾಗ, ಕೈಗೆ ಕೆಲಸ ಇರುವಾಗ. ಶನಿವಾರ ತರಕಾರಿ ತರಲು ಅವನೊಬ್ಬನನ್ನೇ ಕರೆದುಕೊಂಡು ಹೋಗಿ, ಒಂದು ಚೀಲ ಅವನ ಕೈಗೆ ಕೊಡಿ, ನೀವು ಸುಮ್ಮನಿರಿ. ಅವನು ಗೆಳೆಯನ ಜಗಳದ ವಿಷಯ ತೆಗೆದಾಗ "ನೀನು ಹೀಗೆ ಮಾಡಬೇಕಿತ್ತು" ಎಂದು ತಕ್ಷಣ ಬುದ್ಧಿ ಹೇಳಿದರೆ ಮುಂದಿನ ಶನಿವಾರ ಅವನು ತೆಗೆಯುವುದಿಲ್ಲ.

ಊಟ ಮತ್ತು ಮೊಬೈಲಿನ ವಿಷಯದಲ್ಲಿ ದಯವಿಟ್ಟು ಅತ್ತೆಯನ್ನು ಕಟಕಟೆಗೆ ಹತ್ತಿಸಬೇಡಿ. ಮೊಣಕಾಲು ನೋವಿರುವವರು ನಾಲ್ಕು ವರ್ಷದ ಮಗುವಿನ ಹಿಂದೆ ತಟ್ಟೆ ಹಿಡಿದು ಓಡಲು ಆಗುತ್ತದೆಯೇ? ಅವರಿಗೆ ಸಿಕ್ಕ ದಾರಿ ಅದು. ವಿಶ್ವ ಆರೋಗ್ಯ ಸಂಸ್ಥೆ 3–4 ವರ್ಷದವರಿಗೆ ಹೇಳುವುದು ದಿನಕ್ಕೆ ಹೆಚ್ಚೆಂದರೆ 1 ಗಂಟೆ ಸ್ಕ್ರೀನ್; 2ರಿಂದ 5 ವರ್ಷದವರಿಗೆ ನಮ್ಮ ಭಾರತೀಯ ಮಕ್ಕಳ ವೈದ್ಯರ ಸಂಘದ್ದೂ ಅದೇ ಮಿತಿ. ಮೂರು ಊಟಕ್ಕೂ ಮೊಬೈಲ್ ಹಿಡಿದರೆ ಊಟದಲ್ಲೇ ಅದು ದಾಟಿತು. ಸ್ಕ್ರೀನ್ ನೋಡುತ್ತಾ ತಿನ್ನುವ ಮಗುವಿಗೆ ಹಸಿವು ತೀರಿದ್ದೂ ಗೊತ್ತಾಗುವುದಿಲ್ಲ, ರುಚಿಯೂ ಗೊತ್ತಾಗುವುದಿಲ್ಲ.

ಬಿಡಿಸುವುದು ಒಂದೇ ಊಟದಿಂದ ಶುರುವಾಗಲಿ, ನೀವು ಮನೆಯಲ್ಲಿರುವ ರಾತ್ರಿಯ ಊಟದಿಂದ. ಅದಕ್ಕೆ ಮುಂಚೆ ಎರಡು ಗಂಟೆ ಬಿಸ್ಕತ್ತು, ಹಾಲು ಬೇಡ. ಹಸಿವೆ ನಿಮ್ಮ ಪರವಾಗಿ ಕೆಲಸ ಮಾಡಬೇಕು. ತಟ್ಟೆಯಲ್ಲಿ ಸ್ವಲ್ಪವೇ ಬಡಿಸಿ, ಅವಳ ಕೈಯಿಂದಲೇ ತಿನ್ನಲಿ, ಚೆಲ್ಲಲಿ. 30 ನಿಮಿಷಕ್ಕೆ ತಟ್ಟೆ ಎತ್ತಿಬಿಡಿ, ಬೈಯಬೇಡಿ. ಎರಡನೇ ಮೂರನೇ ದಿನ ಅಳು ಮೊದಲಿಗಿಂತ ಜೋರಾಗುತ್ತದೆ. ಇಲ್ಲೇ ಮನೆಗಳು ಸೋಲುವುದು. ಇಷ್ಟು ದಿನ ಐದು ನಿಮಿಷ ಅತ್ತರೆ ಸಿಗುತ್ತಿದ್ದದ್ದು ಸಿಗದಿದ್ದಾಗ ಮಗು ಇಪ್ಪತ್ತು ನಿಮಿಷ ಅತ್ತು ನೋಡುತ್ತದೆ. ಇಪ್ಪತ್ತನೇ ನಿಮಿಷಕ್ಕೆ ಫೋನ್ ಕೊಟ್ಟರೆ, ಇಪ್ಪತ್ತು ನಿಮಿಷ ಅಳಬೇಕು ಎಂದು ನಾವೇ ಕಲಿಸಿದ ಹಾಗೆ. ಅತ್ತೆಗೆ ಇದನ್ನು ಮೊದಲೇ ಹೇಳಿಡಿ, "ಪಾಪ, ಕೊಟ್ಟುಬಿಡು" ಎನ್ನುವ ಮಾತು ಮಧ್ಯೆ ಬರದ ಹಾಗೆ. ರಾತ್ರಿಯದ್ದು ಸರಿಹೋದ ಮೇಲೆ ಮಧ್ಯಾಹ್ನದ ಊಟ. ಮಗುವಿನ ತೂಕ ಇಳಿಯುತ್ತಿದ್ದರೆ ಅಥವಾ ನಾಲ್ಕೈದು ಪದಾರ್ಥ ಬಿಟ್ಟು ಬೇರೇನೂ ಮುಟ್ಟದಿದ್ದರೆ ಈ ಪ್ರಯೋಗಕ್ಕಿಂತ ಮುಂಚೆ ಮಕ್ಕಳ ವೈದ್ಯರಿಗೆ ತೋರಿಸಿ.

ಮೊಬೈಲ್ ತೆಗೆದರೆ ಆ ಜಾಗಕ್ಕೆ ಏನಾದರೂ ಬರಬೇಕು, ಅದೂ ಅತ್ತೆ ಕೂತಲ್ಲೇ ಮಾಡುವಂಥದ್ದು. ಅವರು ಕುಂದಾಪುರದವರು ಅಂದಿರಿ, ಚೆನ್ನೆಮಣೆ (ಅಳಗುಳಿ ಮಣೆ) ಆಟ ಗೊತ್ತಿರಲೇಬೇಕು. ಮಣೆ ಇಲ್ಲದಿದ್ದರೆ ರಟ್ಟಿನ ಮೇಲೆ 7ರಂತೆ ಎರಡು ಸಾಲು ವೃತ್ತ ಬರೆಯಿರಿ, ಒಟ್ಟು 14 ಮನೆ, ಮನೆಗೆ 4ರಂತೆ 56 ಹುಣಸೆ ಬೀಜ. ಟೀಪಾಯಿಯ ಮೇಲಿಟ್ಟರೆ ಅವರು ಕುರ್ಚಿಯಲ್ಲೇ ಕೂರಬಹುದು. ಆಡುವ ಬಗೆ ಊರೂರಿಗೆ ಬೇರೆ, ಅಜ್ಜಿ ಹೇಳಿದ್ದೇ ಕಾನೂನು. ಎಲ್ಲಿ ಎತ್ತಿದರೆ ಕೊನೆಯ ಬೀಜ ಎಲ್ಲಿಗೆ ಬೀಳುತ್ತದೆ ಎಂದು ಮುಂದಾಲೋಚಿಸುವುದು ಒಂಬತ್ತು ವರ್ಷದವನಿಗೆ ಒಳ್ಳೆಯ ಕಸರತ್ತು. ಮಗಳಿಗೆ ಮನೆಗೆ ನಾಲ್ಕರಂತೆ ಬೀಜ ತುಂಬಿಸುವ ಕೆಲಸ. ಗುಲಗಂಜಿ ಮಾತ್ರ ಬಳಸಬೇಡಿ, ಅದನ್ನು ಜಗಿದರೆ ವಿಷ. ನೆರೆಮನೆಯ ಮೂರು ವರ್ಷದೊಳಗಿನ ಮಗು ಆಡಲು ಬರುತ್ತಿದ್ದರೆ ಹುಣಸೆ ಬೀಜವನ್ನೂ ಎತ್ತಿಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಉಳಿದಂತೆ ಬಟಾಣಿ ಸುಲಿಯುವುದು, ಬೆಳ್ಳುಳ್ಳಿ ಬಿಡಿಸುವುದು, ಒಣಗಿದ ಬಟ್ಟೆಯಲ್ಲಿ ಕಾಲುಚೀಲದ ಜೋಡಿ ಹುಡುಕುವುದು. ನಾಲ್ಕು ವರ್ಷದ ಮಗುವಿಗೆ ಇವೂ ಆಟವೇ. ಎರಡು ಪಟ್ಟು ಹೊತ್ತು ಹಿಡಿಯುತ್ತದೆ ನಿಜ, ಆ ಹೊತ್ತೇ ತಾನೇ ನಮಗೆ ಬೇಕಾದ್ದು.

ಇದೇ ಹೊತ್ತು ಕನ್ನಡಕ್ಕೂ ಆಗುತ್ತದೆ. ಮಗ ಹಿಂದಿಯಲ್ಲಿ ಉತ್ತರ ಕೊಟ್ಟರೆ "ಕನ್ನಡದಲ್ಲಿ ಹೇಳು" ಎಂದು ತಡೆದರೆ ಮಾತೇ ನಿಲ್ಲುತ್ತದೆ. ಅವನು ಹೇಳಿದ್ದನ್ನೇ ಕನ್ನಡದಲ್ಲಿ ಒಂದು ಸಲ ಅಂದು ಮುಂದುವರಿಯಿರಿ. ಮಲಗುವ ಮುಂಚಿನ ಕಥೆಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ, ಕೆಲವು ಮರಾಠಿಯಲ್ಲೂ ಇವೆ. ಆಫೀಸಿನಲ್ಲಿ ಮುದ್ರಿಸಿ ತಂದರೆ ಹಾಸಿಗೆಗೆ ಫೋನ್ ಬರುವುದು ತಪ್ಪುತ್ತದೆ. ಒಂದೇ ಕಥೆಯನ್ನು ವಾರವಿಡೀ ಓದಿ. ಮೊದಲ ಎರಡು ದಿನ ನೀವು ಓದಿ, ಮೂರನೇ ದಿನದಿಂದ ಚಿತ್ರ ತೋರಿಸಿ "ಇಲ್ಲಿ ಏನಾಗ್ತಾ ಉಂಟು?" ಎಂದು ಮಗಳಿಂದ ಹೇಳಿಸಿ. ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞರು 1988ರಲ್ಲಿ ತೋರಿಸಿಕೊಟ್ಟ ಕ್ರಮ ಇದು: ಕಥೆ ಹೇಳುವ ಪಾಲು ಮೆಲ್ಲಗೆ ಮಗುವಿಗೆ ದಾಟಿದಷ್ಟೂ ಅದರ ಮಾತು ಬೆಳೆಯುತ್ತದೆ. ಮಾಟುಂಗದ ಸಭಾಂಗಣದಲ್ಲಿ ಎರಡು ಗಂಟೆ "ಶ್! ಸುಮ್ಮನಿರು" ಎಂದು ಕೂರಿಸುವ ಕನ್ನಡ ಕಾರ್ಯಕ್ರಮ ಇದರ ಲೆಕ್ಕಕ್ಕೆ ಬರುವುದಿಲ್ಲ, ಕನ್ನಡ ಸಂಘದವರು ಬೇಸರಿಸಬಾರದು.

ಭಾನುವಾರದ ಮಾಲ್ ಕೆಡಲು ಕಾರಣ ಸರಳ: ಸದ್ದು, ಬೆಳಕು, ಹೆಜ್ಜೆ ಹೆಜ್ಜೆಗೆ "ಅದು ಬೇಕು", "ಬೇಡ". ಮಗು ದಿನವಿಡೀ ಕೇಳುವುದು, ನೀವು ದಿನವಿಡೀ ಇಲ್ಲ ಎನ್ನುವುದು. ತಿಂಗಳಿಗೆ ಎರಡು ಭಾನುವಾರ ಬೇರೆ ಥರ ಮಾಡಿ ನೋಡಿ, ಒಂದೇ ಜಾಗ, ಅರ್ಧ ದಿನ, ಮಧ್ಯಾಹ್ನದ ಊಟಕ್ಕೆ ಮನೆಗೆ. ಉದಾಹರಣೆಗೆ ಸಾಯನ್–ಧಾರಾವಿ ಬದಿಯ ಮಹಾರಾಷ್ಟ್ರ ನೇಚರ್ ಪಾರ್ಕ್. ಕಸ ಸುರಿಯುತ್ತಿದ್ದ ಜಾಗ ಈಗ ಕಾಡು ಎಂದರೆ ಮಗನಿಗೂ ಕುತೂಹಲ ಹುಟ್ಟುತ್ತದೆ. ಅವನಿಗೆ ಪ್ರಯಾಣದ ಜವಾಬ್ದಾರಿ ವಹಿಸಿ. ಫಾಸ್ಟ್ ಗಾಡಿ ಸಾಯನ್‌ನಲ್ಲಿ ನಿಲ್ಲುವುದಿಲ್ಲ; ಸ್ಲೋ ಹಿಡಿದು ಕೂರುವುದೋ, ಫಾಸ್ಟ್‌ನಲ್ಲಿ ಕುರ್ಲಾಕ್ಕೆ ಹೋಗಿ ಸ್ಲೋಗೆ ಬದಲಾಯಿಸಿ ಒಂದು ಸ್ಟೇಷನ್ ಮುಂದೆ ಹೋಗುವುದೋ, ಅವನೇ ನಿರ್ಧರಿಸಲಿ. ಇಂಡಿಕೇಟರಿನಲ್ಲಿ ಗಾಡಿ ಎಲ್ಲಿಯದು, ಫಾಸ್ಟೋ ಸ್ಲೋನೋ, 12 ಡಬ್ಬಿಯದೋ 15ರದೋ ಎಂದು ಓದಿ ಹೇಳಲಿ. ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ಎಲ್ಲಿದೆ ಎಂದು ಶನಿವಾರವೇ ಪೇಪರಿನಲ್ಲಿ ನೋಡುವುದು, ಪಾರ್ಕ್ ತೆರೆಯುವ ಹೊತ್ತು ವಿಚಾರಿಸುವುದೂ ಅವನ ಕೆಲಸ. ತಪ್ಪು ಗಾಡಿ ಆರಿಸಿದರೆ ಹತ್ತು ನಿಮಿಷ ಹೋಗುತ್ತದೆ, ಹೋಗಲಿ. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಕೈ ಹಿಡಿಯುವುದು ಮಾತ್ರ ನಿಮ್ಮ ಕೆಲಸವೇ, ಅಲ್ಲಿ ರಿಯಾಯಿತಿ ಇಲ್ಲ. ಮಗಳಿಗೆ ನೀರು, ಎರಡು ಬಾಳೆಹಣ್ಣು, ಒಂದು ಜೊತೆ ಬಟ್ಟೆ. ಹಸಿವೆಯಾಗುವ ಮೊದಲೇ ತಿನ್ನಿಸಿ.

ಇಷ್ಟನ್ನೂ ಒಂದೇ ವಾರದಲ್ಲಿ ಹಚ್ಚಿಕೊಂಡರೆ ಹದಿನೈದು ದಿನಕ್ಕೆ ಎಲ್ಲವೂ ಬಿಟ್ಟುಹೋಗುತ್ತದೆ. ಮೊದಲ ವಾರ ಮಲಗುವ ಹೊತ್ತು, ದಿನಕ್ಕೆ 15 ನಿಮಿಷದಂತೆ ಹಿಂದಕ್ಕೆ. ಅದು ಕೂತ ಮೇಲೆ ಹತ್ತು ನಿಮಿಷದ ಆಟ. ಊಟದ ಮೊಬೈಲು ಮೂರನೆಯದು. ಭಾನುವಾರದ್ದು ಯಾವಾಗ ಬೇಕಾದರೂ.

ಇವೆಲ್ಲ ಸಾಲದ ಸಂದರ್ಭಗಳೂ ಇವೆ. ಮಗಳು ಹೆಸರು ಕೂಗಿದರೆ ತಿರುಗುವುದಿಲ್ಲ, ಯಾವ ಭಾಷೆಯಲ್ಲೂ ಮೂರು ನಾಲ್ಕು ಪದ ಜೋಡಿಸುವುದಿಲ್ಲ, ಅಡುಗೆ ಆಟ, ಗೊಂಬೆ ಆಟದಂಥ ನಟನೆಯ ಆಟ ಆಡುವುದೇ ಇಲ್ಲ ಎಂದಾದರೆ ಮೊಬೈಲನ್ನು ದೂರುತ್ತಾ ಕಾಯಬೇಡಿ; ಮೊದಲು ಕಿವಿ ಪರೀಕ್ಷೆ, ಆಮೇಲೆ ಬೆಳವಣಿಗೆಯ ತಪಾಸಣೆ. ಮಗ ಇದ್ದಕ್ಕಿದ್ದಂತೆ ಮಂಕಾಗಿ ಎರಡು ವಾರ ಕಳೆದರೂ ಸರಿಹೋಗದಿದ್ದರೆ, ಶಾಲೆಗೆ ಹೋಗುವುದಿಲ್ಲ ಎಂದು ಹೊಟ್ಟೆನೋವು ಹೇಳತೊಡಗಿದರೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ ಅದಕ್ಕೆ ಕಾರಣವಿರುತ್ತದೆ, ಹುಡುಕಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ನಿಮ್ಮ ಸ್ವಂತ ದಣಿವಿಗೂ ಅಲ್ಲಿ ಕರೆ ಮಾಡಬಹುದು.

ಕೆಲಸದ ವಿಷಯಕ್ಕೆ ಬಂದರೆ, ಆಫೀಸಿನಲ್ಲಿ ಏನಾದರೂ ಕೇಳುವುದಿದ್ದರೆ ಮನೆಯಿಂದ ಕೆಲಸ ಮಾಡುವ ಒಂದು ದಿನಕ್ಕಿಂತ ವಾರದಲ್ಲಿ ಎರಡು ದಿನ ಒಂದು ಗಂಟೆ ಬೇಗ ಹೊರಡುವ ಅನುಮತಿ ಕೇಳಿ. ಲ್ಯಾಪ್‌ಟಾಪ್ ತೆರೆದು ಮನೆಯಲ್ಲೇ ಕೂತ ಅಮ್ಮನ ಹತ್ತಿರ ಮಕ್ಕಳು ದಿನವಿಡೀ ಬರುತ್ತಾರೆ, ದಿನವಿಡೀ "ಆಮೇಲೆ" ಎನ್ನಿಸಿಕೊಂಡು ಹೋಗುತ್ತಾರೆ. ನಿಮ್ಮವರೂ ಅವರ ಕಚೇರಿಯಲ್ಲಿ ಇದನ್ನೇ ಕೇಳಬೇಕು. ಬೇರೆ ಬೇರೆ ದಿನ ಸಿಕ್ಕಿದರೆ ವಾರದಲ್ಲಿ ಎರಡು ಸಂಜೆ ನೀವು 7ಕ್ಕೆ, ಇನ್ನೆರಡು ಸಂಜೆ ಅವರು 8ಕ್ಕೆ ಮಕ್ಕಳಿಗೆ ಸಿಗುತ್ತೀರಿ, ಅತ್ತೆಗೂ ಅಷ್ಟು ಹೊತ್ತು ಕಾಲು ಚಾಚಿ ಕೂರಲು ಸಿಗುತ್ತದೆ.